ಗಂಡಿಲ್ಲದ ಸಂಸಾರಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಸಸ್ಯಹೇನುಗಳ ಬಗ್ಗೆ ಬರೆಯುತ್ತ, ಬೇಸಿಗೆಯಲ್ಲಿ ಅವುಗಳ ಬಳಗದಲ್ಲಿ ಗಂಡು ಎಂಬ ಪ್ರಾಣಿಯೇ ಇರುವುದಿಲ್ಲ ಎಂದು ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಇಡೀ ಲೇಖನಕ್ಕೆ ಬಂದಿಲ್ಲ. ಪರೀಕ್ಷೆಗೆ ಓದುವವರು, ಕೈತೋಟದವರು, ಮಕ್ಕಳ ಪ್ರಶ್ನೆಗೆ ಸಿಕ್ಕಿಬಿದ್ದ ತಾಯಂದಿರು, ಎಲ್ಲರೂ ಬರೆದಿದ್ದಾರೆ. ಆದ್ದರಿಂದ ಈ ಸಲದ ಅಂಕಣ ಪೂರ್ತಿ ಅಲೈಂಗಿಕ ಸಂತಾನೋತ್ಪತ್ತಿಗೆ ಮೀಸಲು. ಪತ್ರಗಳಲ್ಲಿದ್ದ ಹೊಗಳಿಕೆಯನ್ನು ಕತ್ತರಿಸಿದ್ದೇನೆ, ಬೈಗುಳವನ್ನು ಹಾಗೆಯೇ ಬಿಟ್ಟಿದ್ದೇನೆ.

ಪ್ರಶ್ನೆ: ಪಠ್ಯದಲ್ಲಿ ವಿದಳನ, ಮೊಗ್ಗುವಿಕೆ, ತುಂಡಾಗುವಿಕೆ, ಪುನರುತ್ಪಾದನೆ, ಕಾಯಜ ಸಂತಾನೋತ್ಪತ್ತಿ, ಬೀಜಕಗಳು ಎಂದು ಆರು ವಿಧ ಕೊಟ್ಟಿದ್ದಾರೆ. ಬಾಯಿಪಾಠ ಮಾಡಿದ್ದೇನೆ. ಆದರೆ ಇವೆಲ್ಲ ಒಂದೇ ಶೀರ್ಷಿಕೆಯ ಕೆಳಗೆ ಏಕೆ ಬಂದವು ಎಂಬುದು ಅರ್ಥವಾಗಿಲ್ಲ.
– ಹತ್ತನೇ ತರಗತಿಯ ವಿದ್ಯಾರ್ಥಿನಿ

ಬಾಯಿಪಾಠ ಮಾಡಿಯೂ ಅರ್ಥವಾಗಿಲ್ಲ ಎಂದು ಬರೆದೆಯಲ್ಲ, ಅದಕ್ಕೆ ಮೊದಲು ಶಹಬಾಸ್ ಮಗು. ಆ ಆರೂ ಹೊರಗಿನಿಂದ ಕಣ್ಣಿಗೆ ಕಂಡದ್ದನ್ನು ನೋಡಿ ಇಟ್ಟ ಹೆಸರುಗಳು. ಒಳಗಿನ ಕೆಲಸ ಹೆಚ್ಚು ಕಡಿಮೆ ಒಂದೇ. ಲೈಂಗಿಕ ಸಂತಾನೋತ್ಪತ್ತಿಯಲ್ಲಿ ಎರಡು ಹಂತಗಳು ತಪ್ಪುವುದಿಲ್ಲ: ಮಿಯಾಸಿಸ್ ಎಂಬ ವಿಭಜನೆಯಲ್ಲಿ ವರ್ಣತಂತುಗಳ ಸಂಖ್ಯೆ ಅರ್ಧಕ್ಕಿಳಿಯಬೇಕು, ಆಮೇಲೆ ಎರಡು ಅರ್ಧಗಳು ಕೂಡಬೇಕು. ನಿನ್ನ ಪಟ್ಟಿಯ ಆರರಲ್ಲಿ ಅರ್ಧವಾಗುವುದೂ ಇಲ್ಲ, ಕೂಡುವುದೂ ಇಲ್ಲ. ಮೊಣಕಾಲಿನ ತರಚುಗಾಯ ಮಾಯುವಾಗ ಚರ್ಮದ ಕೋಶಗಳು ಇಬ್ಭಾಗವಾಗುತ್ತವಲ್ಲ, ಅದೇ ಬಗೆಯ ವಿಭಜನೆ. ಹುಟ್ಟಿದ ಕೋಶಗಳು ತಾಯಿಯ ಮೈಯಲ್ಲಿ ಉಳಿಯದೆ ಬೇರೆ ಸಂಸಾರ ಹೂಡುತ್ತವೆ, ಅಷ್ಟೇ ವ್ಯತ್ಯಾಸ.

ಹೆಸರುಗಳ ಬದಲು ಪ್ರತಿ ಉದಾಹರಣೆಗೂ ಒಂದು ಪ್ರಶ್ನೆ ಹಾಕು: ಹೊಸ ಜೀವಿ ಎಷ್ಟು ಕೋಶಗಳಿಂದ ಶುರುವಾಯಿತು, ಆ ಕೋಶಗಳು ತಾಯಿಯ ಮೈಯಲ್ಲಿ ಎಲ್ಲಿದ್ದವು? ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕಾಲದಿಂದಲೂ ಇದೊಂದನ್ನೇ ಜಪಿಸುತ್ತ ಬಂದಿದ್ದೇನೆ. ಮುಂದಿನ ಉತ್ತರಗಳಲ್ಲೂ ಜಪ ನಿಲ್ಲುವುದಿಲ್ಲ, ಸಹಿಸಿಕೊಳ್ಳಬೇಕು.

ಇ. ಕೋಲಿ ಬ್ಯಾಕ್ಟೀರಿಯಾವನ್ನು ತೆಗೆದುಕೋ. ಅದರ ಇಡೀ ಮೈ ಒಂದೇ ಕೋಶ. ಉಂಗುರಾಕಾರದ ಡಿಎನ್‌ಎ ನಕಲಾಗುತ್ತದೆ, ಎರಡು ಪ್ರತಿಗಳು ಎರಡು ಕಡೆಗೆ ಸರಿಯುತ್ತವೆ, ನಡುಭಾಗದಲ್ಲಿ ಎಫ್‌ಟಿಎಸ್‌ಝಡ್ ಎಂಬ ಪ್ರೋಟೀನು ಸುತ್ತಲೂ ಪಟ್ಟಿ ಕಟ್ಟುತ್ತದೆ, ಪಟ್ಟಿ ಇದ್ದಲ್ಲಿ ಗೋಡೆ ಒಳಕ್ಕೆ ಬೆಳೆದು ಕೋಶ ಎರಡಾಗುತ್ತದೆ. ಒಳ್ಳೆಯ ಆಹಾರ, ಹಿತವಾದ ಬಿಸಿ ಇದ್ದರೆ 20 ನಿಮಿಷಕ್ಕೊಮ್ಮೆ ಇದು ನಡೆಯುತ್ತದೆ. ಮೋಜೆಂದರೆ, ಆ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಲು ಸುಮಾರು 40 ನಿಮಿಷ ಬೇಕು. 40 ನಿಮಿಷದ ಕೆಲಸ 20 ನಿಮಿಷಕ್ಕೊಮ್ಮೆ ಮುಗಿಯುವುದು ಹೇಗೆ? ಒಂದು ನಕಲು ಮುಗಿಯುವ ಮೊದಲೇ ಅದರ ಮೇಲೆ ಮುಂದಿನ ನಕಲು ಶುರುವಾಗಿರುತ್ತದೆ. ಈಗ ತಾನೇ ಹುಟ್ಟಿದ ಕೋಶದೊಳಗೆ ಅದರ ಮಕ್ಕಳಿಗೆ ಬೇಕಾದ ಪ್ರತಿ ಆಗಲೇ ಅರೆಬರೆ ತಯಾರಾಗಿರುತ್ತದೆ. ಅಂದ ಹಾಗೆ, ಬ್ಯಾಕ್ಟೀರಿಯಾಕ್ಕೆ ಕೋಶಕೇಂದ್ರವಿಲ್ಲ. ಅದರ ವಿಭಜನೆಯನ್ನು ಮೈಟಾಸಿಸ್ ಎಂದು ಬರೆದರೆ ಅಂಕ ಹೋಗುತ್ತದೆ, ಹೋಗಲೇಬೇಕು.

ಯೀಸ್ಟ್ ಮೊಗ್ಗು ಬಿಡುತ್ತದೆ, ಹೈಡ್ರಾ ಕೂಡ ಮೊಗ್ಗು ಬಿಡುತ್ತದೆ. ಪುಸ್ತಕದಲ್ಲಿ ಎರಡೂ ಅಕ್ಕಪಕ್ಕದ ಚಿತ್ರಗಳು. ನನ್ನ ಪ್ರಶ್ನೆ ಹಾಕಿದರೆ ಇವು ನೆಂಟರೇ ಅಲ್ಲ. ಯೀಸ್ಟಿನ ಮೊಗ್ಗು ಒಂದೇ ಕೋಶ. ಅದು ಕಳಚಿಕೊಂಡ ಜಾಗದಲ್ಲಿ ತಾಯಿಯ ಗೋಡೆಯ ಮೇಲೆ ಕೈಟಿನ್ ತುಂಬಿದ ಒಂದು ಕಲೆ ಉಳಿಯುತ್ತದೆ; ಕಲೆಗಳನ್ನು ಎಣಿಸಿದರೆ ಅವಳು ಎಷ್ಟು ಹೆತ್ತಿದ್ದಾಳೆಂದು ಗೊತ್ತಾಗುತ್ತದೆ. ಸಾಮಾನ್ಯವಾಗಿ 20ರಿಂದ 30 ಸಲ ಮೊಗ್ಗು ಬಿಟ್ಟ ಮೇಲೆ ತಾಯಿ ಕೋಶ ಸೋತು ಸಾಯುತ್ತದೆ, ಮಗಳ ಲೆಕ್ಕ ಮಾತ್ರ ಸೊನ್ನೆಯಿಂದ ಶುರು. ಹೈಡ್ರಾದಲ್ಲಿ ಹಾಗಲ್ಲ. ಮೈಗೋಡೆಯ ಎರಡೂ ಪದರಗಳ ನೂರಾರು ಕೋಶಗಳು ಒಟ್ಟಾಗಿ ಹೊರಕ್ಕೆ ಉಬ್ಬಿ, ತುದಿಯಲ್ಲಿ ಬಾಯಿ, ಸುತ್ತ ಕರಬಳ್ಳಿಗಳು ಮೂಡಿ, ಕೆಲವು ದಿನಗಳಲ್ಲಿ ಮರಿ ಕಳಚಿಕೊಳ್ಳುತ್ತದೆ. ಬೂಷ್ಟಿನ ಬೀಜಕಗಳು ಮತ್ತೆ ಒಂದು ಕೋಶದ ಲೆಕ್ಕಕ್ಕೆ ಸೇರುತ್ತವೆ.

ಬಹುವಿದಳನವನ್ನು ಮಲೇರಿಯಾದ ಪ್ಲಾಸ್ಮೋಡಿಯಂ ಜೊತೆ ನೆನಪಿಟ್ಟುಕೋ. ಅದು ಕೆಂಪು ರಕ್ತಕಣದೊಳಗೆ ಕುಳಿತು ಮೊದಲು ಕೋಶಕೇಂದ್ರವನ್ನು ಮಾತ್ರ ಮತ್ತೆ ಮತ್ತೆ ಒಡೆಯುತ್ತದೆ, ಕೊನೆಯಲ್ಲಿ ಒಂದೇ ಸಲಕ್ಕೆ ಹಲವು ಮರಿಗಳಾಗಿ ಬೇರ್ಪಟ್ಟು ಕಣವನ್ನು ಸಿಡಿಸಿ ಹೊರಬರುತ್ತದೆ. ವೈವಾಕ್ಸ್ ಬಗೆಯಲ್ಲಿ ಈ ಸುತ್ತಿಗೆ 48 ಗಂಟೆ, ಮಲೇರಿಯೇ ಬಗೆಯಲ್ಲಿ 72. ದಿನ ಬಿಟ್ಟು ದಿನ ಚಳಿಜ್ವರ ಬರುವುದು ಈ ಸಿಡಿತದ ವೇಳಾಪಟ್ಟಿಯಿಂದಲೇ. 1880ರ ದಶಕದಲ್ಲಿ ಕಮಿಲ್ಲೋ ಗಾಲ್ಗಿ ರೋಗಿಗಳ ರಕ್ತ ನೋಡಿ ಈ ಎರಡಕ್ಕೂ ನಂಟು ಹಾಕಿದರು.

ಪ್ರಶ್ನೆ: ಎರೆಹುಳುವನ್ನು ಕತ್ತರಿಸಿದರೆ ಎರಡು ಹುಳುಗಳಾಗುತ್ತವೆ ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ನಿಜವೇ?
– ಕೈತೋಟದ ಹವ್ಯಾಸಿ

ಸಾಮಾನ್ಯವಾಗಿ ಮಣ್ಣಿನಲ್ಲಿ ಸಿಗುವ ಎರೆಹುಳುಗಳ ವಿಷಯದಲ್ಲಿ ಸುಳ್ಳು. ತಲೆಯ ಕಡೆಯ ತುಂಡು ಸಾಕಷ್ಟು ಉದ್ದವಿದ್ದರೆ ಬಾಲ ಬೆಳೆಸಿಕೊಂಡು ಬದುಕಬಹುದು. ಬಾಲದ ಕಡೆಯ ತುಂಡು ಸ್ವಲ್ಪ ಹೊತ್ತು ಹೊರಳಾಡುವುದನ್ನು ಕಂಡು ಬದುಕಿತು ಎಂದುಕೊಳ್ಳುತ್ತೇವೆ. ಅದು ತಲೆಯ ಬದಲು ಇನ್ನೊಂದು ಬಾಲವನ್ನೇ ಬೆಳೆಸಿದ್ದೂ ಉಂಟು. ಎರಡೂ ಕಡೆ ಬಾಲವಿರುವ ಪ್ರಾಣಿ ಉಣ್ಣುವುದೆಲ್ಲಿಂದ? ಎರೆಹುಳುವಿನ ಮೈಯಲ್ಲಿ ಹೆಣ್ಣಿನ ಅಂಗ, ಗಂಡಿನ ಅಂಗ ಎರಡೂ ಇದ್ದರೂ ಅದು ಜೊತೆಗಾರನನ್ನು ಹುಡುಕಿ ವೀರ್ಯಾಣು ವಿನಿಮಯ ಮಾಡಿಕೊಂಡು ಮೊಟ್ಟೆಗಳಿರುವ ಪುಟ್ಟ ಗೂಡು ಇಡುವ ಪ್ರಾಣಿ.

ನಿಜವಾಗಿ ತುಂಡಿನಿಂದ ಹುಟ್ಟುವ ಹುಳು ಪ್ಲನೇರಿಯಾ, ಸಿಹಿನೀರಿನ ಚಪ್ಪಟೆಹುಳು. ಥಾಮಸ್ ಹಂಟ್ ಮಾರ್ಗನ್ 1898ರಲ್ಲಿ ಅದನ್ನು ಕತ್ತರಿಸುತ್ತ ಹೋಗಿ, ಇಡೀ ಹುಳುವಿನ 279ರಲ್ಲಿ ಒಂದು ಪಾಲಿನಷ್ಟು ತುಣುಕೂ ಪೂರ್ಣ ಹುಳುವಾಗುತ್ತದೆ ಎಂದು ವರದಿ ಮಾಡಿದರು. ಎರೆಹುಳುವಿಗೆ ಇಲ್ಲದ ಯಾವ ಭಾಗ್ಯ ಇದಕ್ಕಿದೆ ಎಂದರೆ ನಿಯೋಬ್ಲಾಸ್ಟ್ ಎಂಬ ಕೋಶಗಳು. ಮೈತುಂಬ ಚದುರಿರುವ ಇವು ಯಾವ ಅಂಗದ ಕೋಶವಾಗಿಯೂ ಬೆಳೆಯಬಲ್ಲವು. ವಿಕಿರಣದಿಂದ ಎಲ್ಲ ನಿಯೋಬ್ಲಾಸ್ಟ್‌ಗಳನ್ನೂ ಕೊಂದ ಹುಳು ಸಾಯುತ್ತದೆ. 2011ರಲ್ಲಿ ಅಂಥ ಸಾಯುವ ಹುಳುವಿಗೆ ಬೇರೊಂದು ಹುಳುವಿನ ಒಂದೇ ಒಂದು ನಿಯೋಬ್ಲಾಸ್ಟ್ ಸೇರಿಸಿದಾಗ, ಅದರ ಸಂತತಿ ಹಬ್ಬಿ ಹುಳು ಬದುಕಿಕೊಂಡಿತು. ಕೊನೆಗೆ ಮೈಯೆಲ್ಲ ಆ ದಾನಿಯ ಕೋಶಗಳೇ. ಎಷ್ಟು ಕೋಶಗಳಿಂದ ಶುರುವಾಯಿತು ಎಂಬ ನನ್ನ ಜಪಕ್ಕೆ ಇದಕ್ಕಿಂತ ಚೊಕ್ಕ ಉತ್ತರ ಸಿಕ್ಕಿಲ್ಲ.

ಪ್ರಶ್ನೆ: ನರ್ಸರಿಯಿಂದ ತಂದ ಸ್ನೇಕ್ ಪ್ಲಾಂಟ್‌ನ ಎಲೆಗಳಿಗೆ ಹಳದಿ ಅಂಚು ಇದೆ. ಒಂದು ಎಲೆಯನ್ನು ತುಂಡು ಮಾಡಿ ಮಣ್ಣಿಗೆ ಊರಿದೆ. ಹೊಸ ಗಿಡಗಳೇನೋ ಬಂದವು, ಆದರೆ ಪೂರ್ತಿ ಹಸಿರು. ಅಲೈಂಗಿಕವಾಗಿ ಬೆಳೆಸಿದರೆ ತಾಯಿಯಂತೆಯೇ ಇರುತ್ತದೆ ಎನ್ನುತ್ತಾರಲ್ಲ?
– ಗೃಹಿಣಿ

ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು. ನೀವು ಯಾರೂ ಹೇಳಿಕೊಡದೆ ಒಂದು ಒಳ್ಳೆಯ ಪ್ರಯೋಗ ಮಾಡಿದ್ದೀರಿ.

ನಿಮ್ಮ ಗಿಡ ಹೊರಗಿನಿಂದ ಒಂದು, ಒಳಗೆ ಎರಡು. ಗಿಡದ ಬೆಳೆಯುವ ತುದಿಯಲ್ಲಿ ಕೋಶಗಳು ಪದರ ಪದರವಾಗಿ ಇರುತ್ತವೆ, ಪ್ರತಿ ಪದರವೂ ಎಲೆಯ ಬೇರೆ ಬೇರೆ ಭಾಗವನ್ನು ಕಟ್ಟುತ್ತದೆ. ಎಂದೋ ಒಮ್ಮೆ ಒಂದು ಪದರದ ಕೋಶದಲ್ಲಿ ಉತ್ಪರಿವರ್ತನೆಯಾಗಿ, ಅಂದರೆ ಡಿಎನ್‌ಎಯ ಬರಹ ಬದಲಾಗಿ, ಪತ್ರಹರಿತ್ತು ತಯಾರಿಸುವ ಶಕ್ತಿ ಹೋಯಿತು. ಆ ಪದರ ಕಟ್ಟುವ ಅಂಚು ಹಳದಿಯಾಯಿತು, ಉಳಿದ ಪದರ ಕಟ್ಟುವ ನಡುಭಾಗ ಹಸಿರಾಗಿಯೇ ಉಳಿಯಿತು. ಎರಡು ಆನುವಂಶಿಕ ಬಗೆಯ ಕೋಶಗಳು ಒಂದೇ ಮೈಯಲ್ಲಿ ಹೀಗೆ ಸಹಬಾಳ್ವೆ ನಡೆಸುವ ಗಿಡಕ್ಕೆ ಕೈಮೆರಾ ಎನ್ನುತ್ತಾರೆ. ಎಲೆಯ ತುಂಡನ್ನು ಊರಿದಾಗ ಕತ್ತರಿಸಿದ ಅಂಚಿನ ಬಳಿ, ಒಳಗಿನ ಅಂಗಾಂಶದ ಕೋಶಗಳಿಂದ ಹೊಸ ಮೊಳಕೆ ಹುಟ್ಟುತ್ತದೆ. ಅಲ್ಲಿರುವುದು ಹಸಿರು ಬಗೆಯ ಕೋಶಗಳು ಮಾತ್ರ. ಪದರಗಳ ಜೋಡಣೆ ಅಲ್ಲಿಗೆ ಕಳೆದುಹೋಯಿತು. ಆದ್ದರಿಂದ ಮಗಳು ತಾಯಿಯ ಹಾಗಿಲ್ಲ. ತಾಯಿಯಲ್ಲಿದ್ದ ಎರಡು ಬಗೆಗಳಲ್ಲಿ ಒಂದರ ಹಾಗಿದ್ದಾಳೆ.

ಹಳದಿ ಅಂಚು ಬೇಕಿದ್ದರೆ ಎಲೆ ಊರಬೇಡಿ. ಕುಂಡದ ಮಣ್ಣಿನೊಳಗೆ ಅಡ್ಡ ಹಬ್ಬಿರುವ ಗೆಡ್ಡೆಯನ್ನು ಅದರ ಮೊಳಕೆಯ ಸಮೇತ ಕತ್ತರಿಸಿ ಬೇರೆ ಕುಂಡಕ್ಕೆ ನೆಡಿ. ಆ ಮೊಳಕೆಯ ತುದಿಯಲ್ಲಿ ಪದರಗಳು ಇದ್ದಂತೆಯೇ ಇರುತ್ತವೆ. ಮುಳ್ಳಿಲ್ಲದ ಕೆಲವು ಬ್ಲ್ಯಾಕ್‌ಬೆರಿ ತಳಿಗಳನ್ನು ಬೇರಿನ ತುಂಡಿನಿಂದ ಬೆಳೆಸಿದಾಗ ಮುಳ್ಳು ವಾಪಸು ಬರುವುದೂ ಇದೇ ಕಾರಣಕ್ಕೆ: ಅಲ್ಲಿ ಮುಳ್ಳಿಲ್ಲದ ಗುಣ ಹೊರಪದರದ್ದು, ಬೇರಿನಿಂದೇಳುವ ಮೊಳಕೆ ಒಳಪದರದ್ದು.

ಪ್ರಶ್ನೆ: ಒಂದೇ ಮಾವಿನ ಓಟೆಯಿಂದ ಹಲವು ಸಸಿಗಳು ಬಂದಿವೆ. ಇವು ಅವಳಿಗಳೇ?
– ಬಿಎಸ್‌ಸಿ ವಿದ್ಯಾರ್ಥಿ

ಹೆಚ್ಚಿನವು ಅವಳಿಗಳಲ್ಲ, ತಾಯಿಮರದ ತದ್ರೂಪಗಳು. ಕೆಲವು ಮಾವಿನ ತಳಿಗಳಲ್ಲಿ, ನಿಂಬೆ ಕಿತ್ತಳೆಗಳ ಬಳಗದಲ್ಲಿ ಕೂಡ, ಬೀಜದೊಳಗೆ ಭ್ರೂಣವನ್ನು ಸುತ್ತುವರಿದಿರುವ ತಾಯಿಯ ಅಂಗಾಂಶದ ಕೋಶಗಳೇ ಭ್ರೂಣಗಳಾಗಿ ಬೆಳೆಯುತ್ತವೆ. ಹೂವಿಗೆ ಪರಾಗ ಬಿದ್ದಿದ್ದರೂ ಈ ಭ್ರೂಣಗಳಲ್ಲಿ ಅದರ ಪಾಲಿಲ್ಲ. ಸಸಿಗಳ ಗುಂಪಿನಲ್ಲಿ ಒಂದು ಗಂಡು ಹೆಣ್ಣು ಕೂಡಿ ಹುಟ್ಟಿದ್ದಿರಬಹುದು, ಅನೇಕ ವೇಳೆ ಅದೇ ಸೊರಗಿ ಹಿಂದೆ ಬೀಳುತ್ತದೆ. ಬೀಜ ಎಂದ ಕೂಡಲೇ ಲೈಂಗಿಕ ಎಂದು ಟಿಪ್ಪಣಿ ಮಾಡಿಕೊಳ್ಳುವ ಅಭ್ಯಾಸವನ್ನು ಇಲ್ಲಿಗೆ ಬಿಡಿ.

ಪ್ರಶ್ನೆ: ಅಲೈಂಗಿಕ ಎಂದರೆ ತಾಯಿಯ ಪಡಿಯಚ್ಚು ಎನ್ನುತ್ತದೆ ಪಠ್ಯಪುಸ್ತಕ. ಬ್ಯಾಕ್ಟೀರಿಯಾಗಳು ದಿನೇ ದಿನೇ ಹೊಸ ಔಷಧಗಳನ್ನು ಸೋಲಿಸುತ್ತಿವೆ ಎನ್ನುತ್ತಾರೆ ವೈದ್ಯರು. ಪಡಿಯಚ್ಚಾದರೆ ಹೊಸ ಗುಣ ಎಲ್ಲಿಂದ ಬಂತು? ವಿಜ್ಞಾನದವರು ಮೊದಲು ನಿಮ್ಮ ನಿಮ್ಮಲ್ಲೇ ಒಂದು ಮಾತಿಗೆ ಬನ್ನಿ, ಆಮೇಲೆ ಅಂಕಣ ಬರೆಯುವಿರಂತೆ.
– ನಿವೃತ್ತ ಮುಖ್ಯೋಪಾಧ್ಯಾಯರು

ಗುರುಗಳೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಇ. ಕೋಲಿಯ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಅಕ್ಷರ ಜೋಡಿಗಳಿವೆ. ನಕಲು ಮಾಡುವ ಕಿಣ್ವ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ, ಅದರ ಹಿಂದೆ ಇನ್ನೊಂದು ತಂಡ ಬಂದು ಮತ್ತೆ ತಿದ್ದುತ್ತದೆ. ಇಷ್ಟೆಲ್ಲ ಆದರೂ ಕೆಲವು ನೂರರಿಂದ ಸಾವಿರ ವಿಭಜನೆಗಳಿಗೆ ಒಂದು ತಪ್ಪು ಉಳಿದುಕೊಳ್ಳುತ್ತದೆ. ಕಡಿಮೆ ಎನಿಸಬಹುದು. ಆದರೆ ಚೆನ್ನಾಗಿ ಬೆಳೆದ ಒಂದು ಮಿಲಿಲೀಟರ್ ದ್ರವದಲ್ಲಿ ನೂರು ಕೋಟಿಯಷ್ಟು ಬ್ಯಾಕ್ಟೀರಿಯಾಗಳಿರುತ್ತವೆ, ಅಂದರೆ ಲಕ್ಷಗಟ್ಟಲೆ ಹೊಸ ಉತ್ಪರಿವರ್ತನೆಗಳು. ಪಡಿಯಚ್ಚು ಎಂಬ ಮಾತು ಒಂದೊಂದು ಹೆರಿಗೆಗೆ ಬಹುಮಟ್ಟಿಗೆ ಸರಿ, ಇಡೀ ಜನಸಂಖ್ಯೆಗೆ ತಪ್ಪು.

ಇದನ್ನು ತಾಳ್ಮೆಯಿಂದ ತೋರಿಸಿದವರು ಅಮೆರಿಕದ ರಿಚರ್ಡ್ ಲೆನ್ಸ್ಕಿ. 1988ರ ಫೆಬ್ರುವರಿ 24ರಂದು ಅವರು ಒಂದೇ ಮೂಲದ ಇ. ಕೋಲಿಯನ್ನು 12 ಸೀಸೆಗಳಲ್ಲಿ ಬೆಳೆಸಲು ಹೊರಟರು. ದಿನವೂ ನೂರರಲ್ಲಿ ಒಂದು ಪಾಲನ್ನು ಹೊಸ ದ್ರವಕ್ಕೆ ದಾಟಿಸುವುದು, ಇಷ್ಟೇ ಕೆಲಸ. ಆ ಬ್ಯಾಕ್ಟೀರಿಯಾಗಳಿಗೆ ಬೆರಕೆಯ, ಅಂದರೆ ಒಂದರ ಡಿಎನ್‌ಎ ಇನ್ನೊಂದಕ್ಕೆ ಸೇರುವ, ದಾರಿಯೇ ಇರಲಿಲ್ಲ. ಆದರೂ ಸುಮಾರು 31,500 ತಲೆಮಾರುಗಳು ಕಳೆಯುವಷ್ಟರಲ್ಲಿ ಒಂದು ಸೀಸೆಯ ಸಂತತಿ, ಆಮ್ಲಜನಕವಿದ್ದಾಗ ಇ. ಕೋಲಿ ಸಾಮಾನ್ಯವಾಗಿ ಮುಟ್ಟದ ಸಿಟ್ರೇಟನ್ನು ತಿಂದು ಬೆಳೆಯಲು ಕಲಿತಿತ್ತು. ಉಳಿದ ಹನ್ನೊಂದು ಕಲಿತಿರಲಿಲ್ಲ.

ಔಷಧ ನಿರೋಧಕ್ಕೆ ಇನ್ನೊಂದು ದಾರಿಯೂ ಇದೆ. ಎರಡು ಬ್ಯಾಕ್ಟೀರಿಯಾಗಳು ಒಂದನ್ನೊಂದು ತಾಗಿ ಡಿಎನ್‌ಎ ದಾಟಿಸುತ್ತವೆ ಎಂದು ಜೋಶುವಾ ಲೆಡರ್‌ಬರ್ಗ್ ಮತ್ತು ಎಡ್ವರ್ಡ್ ಟೇಟಮ್ 1946ರಲ್ಲಿ ಕಂಡುಕೊಂಡರು. ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಉಂಗುರಗಳ ಮೇಲೆ ನಿರೋಧದ ಜೀನ್‌ಗಳು ಹೀಗೆಯೇ ಮನೆಯಿಂದ ಮನೆಗೆ ಹೋಗುತ್ತವೆ. ಗಮನಿಸಿ, ಆಗ ಯಾವ ಮರಿಯೂ ಹುಟ್ಟುವುದಿಲ್ಲ. ಬ್ಯಾಕ್ಟೀರಿಯಾಗಳಲ್ಲಿ ಬೆರಕೆ ನಡೆದಾಗ ಸಂತಾನವಿಲ್ಲ, ಸಂತಾನವಾಗುವಾಗ ಬೆರಕೆಯಿಲ್ಲ. ನಾವು ಎರಡನ್ನೂ ಒಂದೇ ಕೆಲಸವೆಂದು ತಿಳಿದಿರುವುದು ನಮ್ಮ ಮನೆಯ ಪದ್ಧತಿಯನ್ನು ನೋಡಿ.

ಪ್ರಶ್ನೆ: ಬೇಸಿಗೆಯ ಸಸ್ಯಹೇನುಗಳಲ್ಲಿ ಗಂಡೇ ಇಲ್ಲ ಎಂದು ಹೇಗೆ ಖಚಿತವಾಗಿ ಹೇಳುತ್ತೀರಿ? ಎಲ್ಲೋ ಅಡಗಿರಬಹುದಲ್ಲ?
– ಕೃಷಿಕರು

ಈ ಅನುಮಾನ ನಿಮಗಿಂತ ಮೊದಲು ರೆಯೊಮ್ಯೂರ್ ಎಂಬ ಫ್ರೆಂಚ್ ವಿಜ್ಞಾನಿಗೆ ಬಂದಿತ್ತು. ಅವರ ಸಲಹೆಯಂತೆ ಜಿನೀವಾದ ಶಾರ್ಲ್ ಬೊನ್ನೆ 1740ರ ಮೇ ತಿಂಗಳಲ್ಲಿ, ಆಗ ತಾನೇ ಹುಟ್ಟಿದ ಒಂದು ಸಸ್ಯಹೇನನ್ನು ಒಂದು ಕೊಂಬೆಯ ಸಮೇತ ಗಾಜಿನ ಪಾತ್ರೆಯೊಳಗೆ ಒಂಟಿಯಾಗಿಟ್ಟ. ಆಗ ಅವನಿಗೆ 20 ವರ್ಷ. ಬೆಳಗಿನಿಂದ ರಾತ್ರಿಯವರೆಗೆ ಮಸೂರ ಹಿಡಿದು ಕುಳಿತು, ಪೊರೆ ಕಳಚಿದ್ದನ್ನೂ ಮರಿ ಹಾಕಿದ್ದನ್ನೂ ದಿನಾಂಕ, ಗಂಟೆ ಸಹಿತ ಬರೆದಿಟ್ಟ. ಗಂಡಿನ ಮುಖವನ್ನೇ ಕಾಣದ ಆ ಹೆಣ್ಣು 95 ಮರಿಗಳನ್ನು ಹಾಕಿತು. ಒಂದು ಹುಳುವನ್ನು ಇಷ್ಟು ಶ್ರದ್ಧೆಯಿಂದ ಕಾದವರು ವಿಜ್ಞಾನದ ಚರಿತ್ರೆಯಲ್ಲಿ ಕಡಿಮೆ. ಪಾಪ, ಮುಂದೆ ಅವನ ಕಣ್ಣುಗಳೇ ಕೈಕೊಟ್ಟವು.

ಒಳಗೆ ನಡೆಯುವುದು ಹೀಗೆ: ಅಂಡಾಣು ತಯಾರಾಗುವಾಗ ವರ್ಣತಂತುಗಳು ಅರ್ಧವಾಗುವ ಹಂತವೇ ನಡೆಯುವುದಿಲ್ಲ, ಪೂರ್ತಿ ಜೊತೆಯಿರುವ ಅಂಡಾಣು ತಾಯಿಯ ಮೈಯೊಳಗೇ ಭ್ರೂಣವಾಗುತ್ತದೆ. ಇನ್ನೂ ಹುಟ್ಟದ ಆ ಮಗಳ ಹೊಟ್ಟೆಯಲ್ಲಿ ಅವಳ ಮಗಳ ಭ್ರೂಣವೂ ಆಗಲೇ ಬೆಳೆಯತೊಡಗಿರುತ್ತದೆ. ಒಂದು ಮೈಯಲ್ಲಿ ಮೂರು ತಲೆಮಾರು. ನಿಮ್ಮ ಚಿಗುರೆಲೆಯ ಹಿಂಬದಿ ನೋಡನೋಡುತ್ತಿದ್ದಂತೆ ತುಂಬಿಹೋಗುವುದು ಇದರಿಂದಲೇ.

ಚಳಿಗಾಲ ಕಟುವಾಗಿರುವ ಕಡೆ ಶರತ್ಕಾಲದಲ್ಲಿ ಹಗಲು ಚಿಕ್ಕದಾಗುತ್ತ ಬಂದಂತೆ ಕಥೆ ಬದಲಾಗುತ್ತದೆ. ಹೆಣ್ಣಿಗೆ ಎರಡು ಎಕ್ಸ್ ವರ್ಣತಂತುಗಳಿವೆ. ಕೆಲವು ಅಂಡಾಣುಗಳಲ್ಲಿ ಒಂದನ್ನು ಕೈಬಿಟ್ಟರೆ ಗಂಡು ಹುಟ್ಟುತ್ತದೆ, ಅದಕ್ಕೂ ತಂದೆ ಬೇಕಿಲ್ಲ! ಆ ಗಂಡುಗಳನ್ನು ಕೂಡಿದ ಹೆಣ್ಣುಗಳು ಚಳಿಯನ್ನು ತಾಳುವ ಗಟ್ಟಿ ಮೊಟ್ಟೆಗಳನ್ನು ಇಡುತ್ತವೆ. ಚಳಿಗಾಲ ಮೃದುವಾಗಿರುವ ಕಡೆ ಎಷ್ಟೋ ಸಸ್ಯಹೇನುಗಳು ಈ ಗೋಜಿಗೇ ಹೋಗದೆ ವರ್ಷಪೂರ್ತಿ ಹೆಣ್ಣುಗಳಾಗಿಯೇ ಸಾಗುತ್ತವೆ.

ಪ್ರಶ್ನೆ: ನನ್ನ ಆರು ವರ್ಷದ ಮಗ ಕೇಳುತ್ತಾನೆ: ಹುಂಜ ಇಲ್ಲದಿದ್ದರೂ ಕೋಳಿ ಮೊಟ್ಟೆ ಇಡುತ್ತದೆಯಲ್ಲ, ಅದರಿಂದ ಮರಿ ಏಕೆ ಬರುವುದಿಲ್ಲ?
– ತಾಯಿ

ಮೊಟ್ಟೆ ಇಡುವುದು ಕೋಳಿಯ ಮೈಯ ಚಕ್ರ. ಹುಂಜ ಇದ್ದರೂ ಇಲ್ಲದಿದ್ದರೂ ಅದು ನಡೆಯುತ್ತದೆ. ಹುಂಜದ ವೀರ್ಯಾಣು ಸೇರದ ಮೊಟ್ಟೆಯಲ್ಲಿ ವರ್ಣತಂತುಗಳು ಅರ್ಧವೇ ಇರುತ್ತವೆ, ಹಾಗಾಗಿ ಅದು ಮುಂದೆ ಬೆಳೆಯುವುದಿಲ್ಲ. ಮಗನಿಗೆ ಇಷ್ಟು ಸಾಕು. ಉಳಿದದ್ದು ನಿಮಗೆ.

ಕೆಲವೊಮ್ಮೆ ಆ ಮೊಟ್ಟೆ ತಾನಾಗಿಯೇ ಬೆಳೆಯಲು ಪ್ರಯತ್ನಿಸುತ್ತದೆ. ಕೋಳಿಯಲ್ಲಿ ಇದು ಬಹುತೇಕ ಆರಂಭದಲ್ಲೇ ನಿಂತುಹೋಗುತ್ತದೆ. ಆದರೆ 1950ರ ದಶಕದಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನ ಸಂಶೋಧನಾ ಕೇಂದ್ರದಲ್ಲಿ ಟರ್ಕಿ ಕೋಳಿಗಳ ನಿಷೇಚನವಾಗದ ಮೊಟ್ಟೆಗಳಿಂದ ಕೆಲವು ಮರಿಗಳು ಹೊರಬಂದವು, ಎಲ್ಲವೂ ಗಂಡು. 2006ರಲ್ಲಿ ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದಲ್ಲಿ ಗಂಡಿನ ಸಂಪರ್ಕವೇ ಇಲ್ಲದ ಫ್ಲೋರಾ ಎಂಬ ಕೊಮೊಡೊ ಉಡ ಇಟ್ಟ ಮೊಟ್ಟೆಗಳಲ್ಲಿ ಮರಿಗಳು ಬೆಳೆದವು, ಅವೂ ಗಂಡು. 2021ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಕಾಂಡೋರ್ ಹದ್ದುಗಳ ವಿಷಯ ಇನ್ನೂ ವಿಚಿತ್ರ: ಎರಡು ಮರಿಗಳ ಡಿಎನ್‌ಎ ಪರೀಕ್ಷಿಸಿದಾಗ ತಂದೆಯ ಸುಳಿವೇ ಇಲ್ಲ, ಆದರೆ ಅವುಗಳ ತಾಯಂದಿರು ಗಂಡುಗಳ ಜೊತೆಯಲ್ಲೇ ಇದ್ದವು. ಗಂಡು ಸಿಗದಾಗಿನ ಅನಿವಾರ್ಯ ಉಪಾಯ ಇದು ಎಂಬ ಸುಲಭದ ವಿವರಣೆ ಅಲ್ಲಿಗೆ ಬಿದ್ದುಹೋಯಿತು.

ಎಲ್ಲವೂ ಗಂಡು ಏಕೆ? ಹಕ್ಕಿಗಳಲ್ಲಿ, ಕೊಮೊಡೊ ಉಡದಲ್ಲಿ ಲಿಂಗದ ಲೆಕ್ಕ ನಮಗಿಂತ ತಿರುಗುಮುರುಗು. ಝಡ್ ಎರಡಿದ್ದರೆ ಗಂಡು, ಝಡ್ ಮತ್ತು ಡಬ್ಲ್ಯೂ ಇದ್ದರೆ ಹೆಣ್ಣು. ಇಲ್ಲಿ ಸಸ್ಯಹೇನಿನ ಹಾಗಲ್ಲ, ವರ್ಣತಂತುಗಳು ಅರ್ಧವಾಗುವ ಹಂತ ನಡೆಯುತ್ತದೆ. ಆಮೇಲೆ ಅಂಡಾಣು ತನ್ನ ಜೊತೆಯಲ್ಲೇ ಹುಟ್ಟಿದ ಧ್ರುವಕಾಯವೆಂಬ ಪುಟ್ಟ ಕೋಶದೊಡನೆ ಕೂಡಿಕೊಳ್ಳುತ್ತದೆ. ಝಡ್ ಜೊತೆ ಝಡ್ ಸೇರಿದರೆ ಗಂಡು ಮರಿ. ಡಬ್ಲ್ಯೂ ಜೊತೆ ಡಬ್ಲ್ಯೂ ಸೇರಿದರೆ ಬದುಕುವುದಿಲ್ಲ. ಹೀಗೆ ಹುಟ್ಟಿದ ಮರಿ ತಾಯಿಯ ತದ್ರೂಪವೂ ಅಲ್ಲ: ಅದಕ್ಕೆ ತಾಯಿಯ ವೈವಿಧ್ಯದಲ್ಲಿ ಒಂದು ಪಾಲು ಮಾತ್ರ ಸಿಕ್ಕಿರುತ್ತದೆ. ಅನಿಷೇಕ ಜನನ ಎಂಬ ಒಂದೇ ಹೆಸರಿನ ಕೆಳಗೆ ಸಸ್ಯಹೇನನ್ನೂ ಕೊಮೊಡೊ ಉಡವನ್ನೂ ಒಟ್ಟಿಗೆ ಕೂರಿಸುವ ಪುಸ್ತಕಗಳು ಈ ವ್ಯತ್ಯಾಸವನ್ನು ಒಂದು ಸಾಲಿನಲ್ಲಾದರೂ ಹೇಳಬೇಕು.

ಪ್ರಶ್ನೆ: ಮನುಷ್ಯರಲ್ಲಿ ಇದು ಸಾಧ್ಯವೇ?
– ಹಲವರು

ತಂದೆಯಿಲ್ಲದ ಜನನ ಸಸ್ತನಿಗಳಲ್ಲಿ ತಾನಾಗಿ ನಡೆಯುವುದಿಲ್ಲ. ನಮ್ಮ ಕೆಲವು ಜೀನ್‌ಗಳ ಮೇಲೆ ಇದು ತಾಯಿಯಿಂದ ಬಂದದ್ದು, ಇದು ತಂದೆಯಿಂದ ಬಂದದ್ದು ಎಂಬ ಗುರುತು ಬಿದ್ದಿರುತ್ತದೆ, ಒಂದು ಕಡೆಯಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುತ್ತದೆ. ಭ್ರೂಣದ ಬೆಳವಣಿಗೆಗೆ ಬೇಕಾದ ಐಜಿಎಫ್2 ಜೀನಿನಲ್ಲಿ ತಂದೆಯ ಪ್ರತಿಗೇ ಕೆಲಸ. ತಾಯಿಯ ಎರಡು ಪಾಲು ಕೂಡಿಸಿದರೆ ಅಂಥ ಜೀನ್‌ಗಳೆಲ್ಲ ಮೌನವಾಗಿಬಿಡುತ್ತವೆ. ಇಲಿಗಳಲ್ಲಿ ಇದು 1984ರಲ್ಲಿ ಸ್ಪಷ್ಟವಾಯಿತು. 2004ರಲ್ಲಿ ಜಪಾನಿನ ತೊಮೊಹಿರೊ ಕೊನೊ ತಂಡ ಜೀನ್ ತಿದ್ದಿದ ಅಂಡಾಣು ಬಳಸಿ ಇಬ್ಬರು ತಾಯಂದಿರ, ತಂದೆಯಿಲ್ಲದ ಕಾಗುಯಾ ಎಂಬ ಇಲಿಯನ್ನು ಹುಟ್ಟಿಸಿತು. ಅದು ಪ್ರಯೋಗಾಲಯದ ಸಾಹಸ, ಪ್ರಕೃತಿಯ ಪದ್ಧತಿಯಲ್ಲ.

ಆದರೆ ನಿಮಗೆ ಗೊತ್ತಿರುವ ತದ್ರೂಪಿ ಅವಳಿಗಳನ್ನು ನೆನಪಿಸಿಕೊಳ್ಳಿ. ಒಂದು ಅಂಡಾಣು, ಒಂದು ವೀರ್ಯಾಣು ಕೂಡಿ ಆದ ಒಂದೇ ಭ್ರೂಣ ಆಮೇಲೆ ಎರಡಾಯಿತು. ಆ ಎರಡನೆಯ ಹೆಜ್ಜೆಗೆ ಯಾರ ಸಹಾಯವೂ ಬೇಕಾಗಲಿಲ್ಲ. ನನ್ನ ಮಟ್ಟಿಗೆ ಅದು ಅಲೈಂಗಿಕವೇ, ಸಂಪ್ರದಾಯಸ್ಥರು ಒಪ್ಪದಿದ್ದರೆ ಪತ್ರ ಬರೆಯಲಿ. ಒಂಬತ್ತು ಪಟ್ಟಿಯ ಆರ್ಮಡಿಲ್ಲೋ ಇದನ್ನೇ ಪದ್ಧತಿ ಮಾಡಿಕೊಂಡಿದೆ, ಒಂದು ಸೂಲಿಗೆ ತದ್ರೂಪಿ ನಾಲ್ಕು ಮರಿಗಳು. ಕಾಪಿಡೊಸೋಮ ಎಂಬ ಪರಾವಲಂಬಿ ಕಣಜದ ಒಂದೇ ಮೊಟ್ಟೆಯಿಂದ ಎರಡು ಸಾವಿರಕ್ಕೂ ಹೆಚ್ಚು ಮರಿಗಳಾಗಬಲ್ಲವು.

ಪ್ರಶ್ನೆ: ಗಂಡಿಲ್ಲದೆ ಇಷ್ಟು ಸಲೀಸಾಗಿ ಸಂಸಾರ ನಡೆಯುವುದಾದರೆ ಗಂಡು ಹೆಣ್ಣಿನ ರಗಳೆ ಏಕೆ ಹುಟ್ಟಿತು?
– ಇತ್ತೀಚೆಗೆ ಮದುವೆಯಾದವರು

ನಿಮ್ಮ ಸಹಿಯನ್ನು ಓದಿದ ಮೇಲೆ ಎಚ್ಚರಿಕೆಯಿಂದ ಉತ್ತರಿಸುತ್ತೇನೆ. ಲೆಕ್ಕದ ಪ್ರಕಾರ ನೀವು ಹೇಳಿದ್ದು ಸರಿ. ಹೆಣ್ಣುಮಕ್ಕಳನ್ನೇ ಹೆರುವ ತಳಿ, ಅರ್ಧದಷ್ಟು ಗಂಡುಗಳನ್ನು ಹೆರುವ ತಳಿಗಿಂತ ಎರಡು ಪಟ್ಟು ವೇಗದಲ್ಲಿ ಬೆಳೆಯಬೇಕು. ಜಾನ್ ಮೇನಾರ್ಡ್ ಸ್ಮಿತ್ ಈ ತೊಡಕನ್ನು ಎತ್ತಿ ಆಡಿದವರು.

ಗಂಟು ಬೇರೆ ಕಡೆ ಇದೆ. ಜೆರಾಕ್ಸ್ ಪ್ರತಿಯಿಂದ ಜೆರಾಕ್ಸ್ ತೆಗೆಯುತ್ತ ಹೋದರೆ ಕಲೆಗಳು ಕೂಡುತ್ತವೆಯೇ ಹೊರತು ಕಳೆಯುವುದಿಲ್ಲ. ಅಲೈಂಗಿಕ ವಂಶದಲ್ಲೂ ಕೆಟ್ಟ ಉತ್ಪರಿವರ್ತನೆಗಳು ಹಾಗೆಯೇ ಒಂದರ ಮೇಲೊಂದು ಸೇರುತ್ತವೆ ಎಂದು ಹರ್ಮನ್ ಮುಲ್ಲರ್ 1964ರಲ್ಲಿ ವಾದಿಸಿದರು. ಬೆರಕೆ ಇದ್ದರೆ ಕೆಲವು ಮಕ್ಕಳಿಗೆ ಕಡಿಮೆ ಕಲೆಯ ಪ್ರತಿ ಸಿಗುವ ಅವಕಾಶವಿದೆ. ರೋಗದ ಲೆಕ್ಕವೂ ಇದೆ. ನ್ಯೂಜಿಲೆಂಡಿನ ಕೆರೆಗಳಲ್ಲಿ ಒಂದೇ ಜಾತಿಯ ಬಸವನಹುಳುಗಳಲ್ಲಿ ಕೆಲವು ಗಂಡಿನೊಡನೆ ಕೂಡಿ ಹೆರುತ್ತವೆ, ಕೆಲವು ಒಂಟಿಯಾಗಿಯೇ ಹೆರುತ್ತವೆ. ಪರಾವಲಂಬಿ ಹುಳುಗಳ ಕಾಟ ಹೆಚ್ಚಿರುವಲ್ಲಿ ಗಂಡುಗಳೂ ಹೆಚ್ಚು ಎಂದು ಕರ್ಟಿಸ್ ಲೈವ್ಲಿ 1987ರಲ್ಲಿ ತೋರಿಸಿದರು. ಎಲ್ಲರಿಗೂ ಒಂದೇ ಬೀಗ ಇದ್ದರೆ ಒಂದು ಕೀಲಿ ಸಾಕಾಗುತ್ತದೆ. 1845ರಿಂದ ಐರ್ಲೆಂಡಿನಲ್ಲಿ ಆದದ್ದು ಅದೇ: ಗೆಡ್ಡೆಯಿಂದ ಗೆಡ್ಡೆ ಬೆಳೆಸಿದ ಲಂಪರ್ ಆಲೂಗೆಡ್ಡೆ ಎಲ್ಲೆಲ್ಲೂ ಒಂದೇ, ಅಂಗಮಾರಿ ರೋಗ ಒಂದನ್ನು ಗೆದ್ದು ಎಲ್ಲವನ್ನೂ ಗೆದ್ದಿತು. ಹತ್ತು ಲಕ್ಷದಷ್ಟು ಜನ ಹಸಿವಿನಿಂದ, ಅದರ ಬೆನ್ನಿಗೇ ಬಂದ ರೋಗಗಳಿಂದ ಸತ್ತರು. ರೋಗದ ಜೊತೆಗೆ ಆಳುವವರ ನಿರ್ದಯತೆಯೂ ಕಾರಣ, ಅದನ್ನು ಗಿಡದ ತಲೆಗೆ ಕಟ್ಟುವುದು ತಪ್ಪು. ಬಾಳೆಯ ಗ್ರೋ ಮಿಶೆಲ್ ತಳಿಯೂ ಕಂದಿನಿಂದ ಕಂದಾಗಿ ಬೆಳೆದದ್ದು, ಪನಾಮಾ ರೋಗದಿಂದ 20ನೇ ಶತಮಾನದ ನಡುಭಾಗದ ಹೊತ್ತಿಗೆ ರಫ್ತು ತೋಟಗಳಿಂದ ಮರೆಯಾಯಿತು. ಅದರ ಜಾಗಕ್ಕೆ ಬಂದ ಕ್ಯಾವೆಂಡಿಶ್ ಕೂಡ ಕಂದಿನಿಂದಲೇ ಬೆಳೆಯುವುದು, ಅದೇ ರೋಗದ ಹೊಸ ಬಗೆ ಈಗ ಅದರ ಬೆನ್ನು ಹತ್ತಿದೆ.

ಈ ವಾದಗಳಿಗೆಲ್ಲ ತಲೆನೋವು ಡೆಲಾಯ್ಡ್ ರೋಟಿಫರ್ ಎಂಬ ಸೂಕ್ಷ್ಮಪ್ರಾಣಿ. ಅದರ ನೂರಾರು ಪ್ರಭೇದಗಳಲ್ಲಿ ಯಾರೂ ಒಂದೇ ಒಂದು ಗಂಡನ್ನು ಕಂಡಿಲ್ಲ, ಆದರೂ ಕೋಟಿಗಟ್ಟಲೆ ವರ್ಷಗಳಿಂದ ನೆಮ್ಮದಿಯಾಗಿದೆ. ಅದು ಪೂರ್ತಿ ಒಣಗಿ ಮತ್ತೆ ಜೀವ ತಳೆಯಬಲ್ಲದು, ಅದರ ಜೀನ್‌ಗಳ ನಡುವೆ ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಂದ ಬಂದವೂ ಸಾಕಷ್ಟಿವೆ.

ಪ್ರಶ್ನೆ: ವೈರಸ್‌ಗಳು ಯಾವ ವಿಧಕ್ಕೆ ಸೇರುತ್ತವೆ?
– ಪ್ರಥಮ ಪಿಯುಸಿ ವಿದ್ಯಾರ್ಥಿ

ಈ ಪಟ್ಟಿಯ ಯಾವುದಕ್ಕೂ ಸೇರುವುದಿಲ್ಲ. ವೈರಸ್ ಒಡೆದು ಎರಡಾಗುವುದಿಲ್ಲ. ಅದರ ಭಾಗಗಳನ್ನು ಆತಿಥೇಯ ಕೋಶದ ಯಂತ್ರಗಳು ಬಿಡಿಬಿಡಿಯಾಗಿ ತಯಾರಿಸುತ್ತವೆ, ಆಮೇಲೆ ಅವು ಜೋಡಣೆಯಾಗುತ್ತವೆ.

ಪ್ರಶ್ನೆ: ಇದರಲ್ಲಿ ಏನನ್ನಾದರೂ ನಾವೇ ನೋಡಬಹುದೇ? ಶಾಲೆಯಲ್ಲಿ ಒಂದು ಸೂಕ್ಷ್ಮದರ್ಶಕವಿದೆ.
– ವಿಜ್ಞಾನ ಶಿಕ್ಷಕಿ

ಎರಡನ್ನು ನೋಡಬಹುದು. ಬೆಚ್ಚಗಿನ ಸಕ್ಕರೆ ನೀರಿಗೆ ಒಣ ಯೀಸ್ಟ್ ಹಾಕಿ ಒಂದೆರಡು ಗಂಟೆ ಬಿಟ್ಟು, ಒಂದು ಹನಿಗೆ ಇನ್ನಷ್ಟು ನೀರು ಬೆರೆಸಿ 400 ಪಟ್ಟು ಹಿಗ್ಗಿಸಿ ನೋಡಿ. ದೊಡ್ಡ ಕೋಶದ ಪಕ್ಕಕ್ಕೆ ಅಂಟಿಕೊಂಡ ಚಿಕ್ಕ ಕೋಶಗಳು ಕಾಣುತ್ತವೆ. ನೀರು ಬೆರೆಸದಿದ್ದರೆ ಗುಂಪು ಬಿಟ್ಟು ಬೇರೇನೂ ಕಾಣುವುದಿಲ್ಲ, ಮಕ್ಕಳು ಗುಂಪನ್ನೇ ಮೊಗ್ಗು ಎಂದು ಚಿತ್ರ ಬರೆಯುತ್ತಾರೆ.

ಹೈಡ್ರಾಕ್ಕೆ ಸೂಕ್ಷ್ಮದರ್ಶಕವೂ ಬೇಡ, ಕೈಮಸೂರ ಸಾಕು. ನಿಂತ ತಿಳಿನೀರಿನ ಕೊಳದಿಂದ ಜಲಸಸ್ಯಗಳನ್ನು ಅದೇ ನೀರಿನ ಸಮೇತ ಗಾಜಿನ ಜಾಡಿಗೆ ಹಾಕಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿ ಅಲುಗಾಡಿಸದೆ ಇಡಿ. ಇದ್ದರೆ ಮರುದಿನ ಗಾಜಿಗೆ ಅಂಟಿದ ತೆಳ್ಳನೆಯ ದಾರದ ಎಳೆಗಳಾಗಿ ಕಾಣುತ್ತವೆ, ಮುಟ್ಟಿದರೆ ಮುದುಡಿ ಚುಕ್ಕೆಯಾಗುತ್ತವೆ. ಅದೇ ಕೊಳದ ನೀರಚಿಗಟಗಳನ್ನು ಆಹಾರವಾಗಿ ಕೊಡಿ. ಹೊಟ್ಟೆ ತುಂಬಿದವು ಮಾತ್ರ ಮೊಗ್ಗು ಬಿಡುತ್ತವೆ. ಉಂಡ ಮೇಲೆ ಉಳಿದ ಕಸ ತೆಗೆದು ನೀರು ಬದಲಿಸಿ, ಕ್ಲೋರಿನ್ ಬೆರೆತ ನಲ್ಲಿ ನೀರು ಬೇಡ, ತಾಮ್ರದ ಪಾತ್ರೆಯಲ್ಲಿಟ್ಟ ನೀರಂತೂ ಬೇಡವೇ ಬೇಡ, ಅತ್ಯಲ್ಪ ತಾಮ್ರವೂ ಅವನ್ನು ಕೊಲ್ಲುತ್ತದೆ.